ಅಂತರ್ದರ್ಶಕಯಂತ್ರದ ಪೂರ್ವಚರಿತ್ರೆ

ಜೀವಂತನಾದ ಮನುಷ್ಯನ ಒಡಲೊಳಗನ್ನು ಕೊಯ್ಯದೆಯೆ ಕಣ್ಣಾರೆ ಕಾಣಲು ಸಾಧನವಾದ ಉಪಕರಣಕ್ಕೆ ಪಾಶ್ಚಾತ್ಯವೈದ್ಯರು ಎಂಡೋಸ್ಕೋಪ್ ಎಂದು ಹೆಸರಿಟ್ಟಿರುವರು. ಈ ಪದವು ಗ್ರೀಕ್ ಭಾಷೆಯ ಎರಡು ಮಾತುಗಳ ಸೇರಿಕೆಯಿಂದಾದುದು. ಎಂಡಾನ್ ಎಂದರೆ ಒಳಗೆ. ಸ್ಕೊಪೆಯಿನ್ ಎಂದರೆ ನೋಡುವುದು. ಆದುದರಿಂದ ಅಂತರ್ದರ್ಶಕವೆಂಬ ನಮ್ಮ ಮಾತು ಮೂಲಕ್ಕೆ ಸರಿಸಮನಾಗಿಯೇ ಇದೆ. ಆದರೆ ಈ ಜಾತಿಯ ಯಂತ್ರಗಳಲ್ಲಿ ಮೊದಲನೆಯದೆಂದು ಎಣಿಸಲ್ಪಟ್ಟಿರುವುದಕ್ಕೆ ಅದರ ನಿರ್ಮಾಪಕನು ಕೊಟ್ಟ ಹೆಸರು ಬೇರೆ. ಆತನು ಅದನ್ನು ತನ್ನ ಜರ್ಮನ್ ನುಡಿಯಲ್ಲಿ ಲಿಖ್ಟ್‌ಲೈಟರ್ ಎಂದು ಕರೆದನು. ಬೆಳಕನ್ನು ಕೊಂಡೊಯ್ಯತಕ್ಕದ್ದು, ಪ್ರಕಾಶವಾಹಕ, ಎಂದು ಅದರ ಅರ್ಥ. ಒಂದು ಹೆಸರು ನೋಡುವ ಕಣ್ಣನ್ನು ಕುರಿತದ್ದು, ಮತ್ತೊಂದು ತೋರಿಸುವ ದೀಪವನ್ನು ಕುರಿತದ್ದು. ಈ ಭೇದವು ಅಲ್ಪವೆಂದು ಮೊದಲಿಗೆ ತೋರಬಹುದು. ಆದರೆ ಯಂತ್ರದ ಚರಿತ್ರೆಯನ್ನು ಪರಿಶೀಲಿಸಿದಷ್ಟೂ ಹಳೆಯ ಹೆಸರೇ ವಿಷಯದ ಮರ್ಮವನ್ನು ಮುಟ್ಟಿದೆಯೆಂದು ನನಗೆ ತೋರುತ್ತದೆ. ದೇಹರಂಧ್ರಗಳಲ್ಲಿ ಕೊಳವೆಯನ್ನಿಟ್ಟು ನೋಡುವ ವಿದ್ಯೆ ಅತಿ ಪ್ರಾಚೀನವಾದುದು. ಆ ಕೊಳವೆಯ ತುದಿಗೆ ಬೆಳಕನ್ನು ಮುಟ್ಟಿಸುವ ವಿದ್ಯೆ ತೀರ ಇತ್ತೀಚಿನದು. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ನಮ್ಮಲ್ಲಿ ಕೆಲವು ಮಿಥ್ಯಾಭಿಮಾನಗಳೂ, ಪಾಶ್ಚಾತ್ಯ ಗ್ರಂಥಗಳಲ್ಲಿ ಕೆಲವು ಅನ್ಯಾಯಗಳೂ ಬೆಳೆದುಬಂದಿವೆ.

ಮೊದಲು ನಮ್ಮ ಮನೆಯ ಲೆಕ್ಕವನ್ನು ನೋಡೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಯಂತ್ರವಿಧಿಯೆಂಬ ಅಧ್ಯಾಯದಲ್ಲಿ ನೂರೊಂದು ಯಂತ್ರಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ೨೦ ನಾಡೀಯಂತ್ರಗಳು, ಎಂದರೆ ಕೊಳವೆಯ ಆಕಾರದವು. ಕೆಲವಕ್ಕೆ ಒಂದೇ ಬಾಯಿ, ಕೆಲವಕ್ಕೆ ಎರಡೂ ಕಡೆಗಳಲ್ಲಿ ಬಾಯಿ. ಇವುಗಳ ಪ್ರಯೋಜನಗಳನ್ನು ಹೇಳುವಲ್ಲಿ ಸ್ರೋತಸ್ಸುಗಳಲ್ಲಿ ಸಿಕ್ಕಿಕೊಂಡ ಶಲ್ಯವನ್ನು ತೆಗೆಯುವುದು, ಹೀರುವುದು, ಚಿಕಿತ್ಸೆಗೆ ಅನುಕೂಲ ಮಾಡಿಕೊಡುವುದು, ಇವುಗಳೊಡನೆ ರೋಗವನ್ನು ನೋಡುವುದೂ ಒಂದೆಂದು ಸ್ಪಷ್ಟವಾಗಿಯೇ ಹೇಳಿದೆ. ವಾಗ್ಭಟನಂತೂ ಅರ್ಶೋರೋಗಕ್ಕೆ ಹೇಳಿದ ಯಂತ್ರದ ಅಳತೆಯನ್ನೇ ಕೊಟ್ಟಿದ್ದಾನೆ. ಹಸುವಿನ ಮೊಲೆಯ ಆಕಾರ, ಉದ್ದ ನಾಲ್ಕಂಗುಲ, ಸುತ್ತಳತೆ ಗಂಡಸರಿಗೆ ಐದಂಗುಲ, ಹೆಂಗಸರಿಗೆ ಆರಂಗುಲ. ವ್ಯಾಧಿಯನ್ನು ನೋಡುವುದಕ್ಕಾದರೆ ಎರಡು ರಂಧ್ರಗಳುಳ್ಳದ್ದು, ಕರ್ಮಕ್ಕಾದರೆ ಒಂದು ರಂಧ್ರವುಳ್ಳದ್ದು ಎಂಬ ವಿಭಾಗವೂ ಅಲ್ಲಿದೆ. ನೋಡುವುದು ಬೇರೆ, ಮಾಡುವುದು ಬೇರೆ, ಎರಡಕ್ಕೂ ಬೇರೆ ಬೇರೆ ಉಪಕರಣ ಬೇಕು ಎಂಬ ಈ ವಿವೇಚನೆ ಅನುಭವಸ್ಥನಾದ ಶಸ್ತ್ರವೈದ್ಯನಿಗಲ್ಲದೆ ಹೊಳೆಯತಕ್ಕದ್ದಲ್ಲ.

ಇಷ್ಟನ್ನು ನೋಡಿ ಎಂಡೋಸ್ಕೋಪು ನಮ್ಮ ಋಷಿಗಳಿಗೆ ತಿಳಿದಿತ್ತೆಂದು ಬರೆಯುವವರುಂಟು. ಅವರು ಅದೇ ಸುಶ್ರುತನ ಚಿಕಿತ್ಸಾಸ್ಥಾನವನ್ನು ತೆರೆದು ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಅರ್ಶಸ್ಸಿನ ಚಿಕಿತ್ಸೆಯನ್ನು ಹೇಳುವಾಗ ಆ ಆಚಾರ್ಯನು ಮೋಡವಿಲ್ಲದ ಕಾಲವನ್ನು ಆರಿಸಬೇಕೆಂದೂ, ರೋಗಿಯನ್ನು ಹಲಗೆಯ ಮೇಲಾಗಲಿ ಹಾಸಿಗೆಯ ಮೇಲಾಗಲಿ ಮಲಗಿಸಿ ಗುದಭಾಗವು ಸೂರ್ಯನಿಗೆ ಇದಿರಾಗುವಂತೆ ಇರಿಸಬೇಕೆಂದೂ ವಿಧಿಸುತ್ತಾನೆ. ಈ ಒಂದು ವಿಧಿಯಲ್ಲಿ ಪ್ರಾಚೀನರ ಸಾಮರ್ಥ್ಯವೂ ಅದರ ಮೇರೆಯೂ ಒಟ್ಟಿಗೆ ಕಾಣುತ್ತವೆ. ಅವರ ದೀಪ ಸೂರ್ಯನು. ನೇರವಾದ ಬಿಸಿಲು ಎಷ್ಟು ದೂರ ಒಳಹೊಗುವುದೋ ಅಷ್ಟು ದೂರ ಅವರ ಕಣ್ಣೂ ಹೋಗಬಲ್ಲದು. ನಾಲ್ಕಂಗುಲದ ಆಚೆಗೆ ಯಂತ್ರವನ್ನು ಬೆಳೆಸದಿದ್ದುದು ಅಜ್ಞಾನದಿಂದಲ್ಲ, ಬೆಳೆಸಿ ಪ್ರಯೋಜನವಿರಲಿಲ್ಲ. ರೋಮನರ ಸ್ಥಿತಿಯೂ ಇದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಪರ್ವತದ ಬೂದಿಯಲ್ಲಿ ಹೂತುಹೋದ ಪೊಂಪೆಯಿ ನಗರದಲ್ಲಿ ತಿರುಪಿನಿಂದ ಬಿಚ್ಚಿಕೊಳ್ಳುವ ಕಂಚಿನ ಯೋನಿದರ್ಶಕಗಳು ದೊರೆತಿವೆ. ಕೆಲಸಗಾರಿಕೆ ಬಹು ಸೊಗಸು, ದೀಪದ ಸುಳಿವಿಲ್ಲ. ಸುಶ್ರುತನಿಗೆ ಸಲ್ಲತಕ್ಕ ಗೌರವವು ಸುಶ್ರುತನು ಮಾಡಿದುದಕ್ಕೇ ಸಲ್ಲಲಿ.

ದೀಪವನ್ನು ಕೊಂಡೊಯ್ಯುವ ಯೋಚನೆಯನ್ನು ಯಂತ್ರರೂಪಕ್ಕೆ ತಂದವನು ಫಿಲಿಪ್ ಬೊಟ್ಸೀನಿ. ಈತನು ೧೭೭೩ರಲ್ಲಿ ರೈನ್ ನದಿಯ ತೀರದ ಮೈಂಟ್ಸ್ ನಗರದಲ್ಲಿ ಹುಟ್ಟಿದನು. ತಂದೆ ಇಟಲಿಯಿಂದ ವಲಸೆ ಬಂದವನು. ಮಗನು ಮೈಂಟ್ಸ್ ಮತ್ತು ಯೇನಾ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯವನ್ನೋದಿ, ಫ್ರೆಂಚರೊಡನೆ ನಡೆದ ಯುದ್ಧಗಳಲ್ಲಿ ಆಸ್ಟ್ರಿಯಾದ ಪಕ್ಷದಲ್ಲಿ ಸೈನ್ಯದ ಆಸ್ಪತ್ರೆಯನ್ನು ನಡೆಸಿ, ಆರ್ಚ್‌ಡ್ಯೂಕ್ ಕಾರ್ಲನ ಮೆಚ್ಚಿಕೆಯನ್ನು ಪಡೆದನು. ರೈನಿನ ಎಡದಂಡೆ ಫ್ರೆಂಚರ ವಶವಾದ ಮೇಲೆ ೧೮೦೩ರಲ್ಲಿ ಫ್ರಾಂಕ್‌ಫರ್ಟಿಗೆ ಬಂದು ನೆಲೆಸಿದನು. ಅಲ್ಲಿ ಹೊಸಬನಾದ ಈ ವೈದ್ಯನಿಗೆ ಸಂಪಾದನೆ ಅಲ್ಪ, ಬಿಡುವು ಬೇಕಾದಷ್ಟಿದ್ದಿರಬೇಕು. ೧೮೦೬ರಲ್ಲಿ ಹೂಫೆಲಾಂಡನ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ತನ್ನ ಯಂತ್ರದ ಚಿತ್ರಸಹಿತವಾದ ವಿವರಣೆಯನ್ನು ಪ್ರಕಟಿಸಿದನು. ಮರುವರ್ಷ ವೈಮಾರ್ ನಗರದಲ್ಲಿ ಅದೇ ವಿಷಯವಾಗಿ ಪುಸ್ತಕವೂ ಹೊರಬಂದಿತು.

ಯಂತ್ರವು ಹೂದಾನಿಯ ಆಕಾರದ ಒಂದು ಲಾಂದ್ರ. ಎತ್ತರ ಸುಮಾರು ೩೫ ಸೆಂಟಿಮೀಟರ್. ಮೇಲೆ ಚರ್ಮದ ಹೊದಿಕೆ. ಒಳಗೆ ಒಂದು ಮೇಣದ ಬತ್ತಿ. ಬತ್ತಿ ಉರಿದು ಗಿಡ್ಡವಾದಂತೆಲ್ಲ ಜ್ವಾಲೆಯು ಕೆಳಕ್ಕೆ ಇಳಿಯದಂತೆ ಅದನ್ನು ಕೆಳಗಿನಿಂದ ಸ್ಪ್ರಿಂಗು ಮೇಲಕ್ಕೆ ಒತ್ತುತ್ತಿರುವುದು. ಬತ್ತಿಯ ಹಿಂದೆ ನಿಮ್ನದರ್ಪಣ. ಮುಂದಿನ ಕಿಂಡಿಗೆ ಬೇರೆ ಬೇರೆ ಅಂಗಗಳಿಗೆ ತಕ್ಕ ಬೇರೆ ಬೇರೆ ಕೊಳವೆಗಳನ್ನು ಜೋಡಿಸಬಹುದು. ಹಿಂದಿನ ಕಿಂಡಿಯಲ್ಲಿ ವೈದ್ಯನು ಕಣ್ಣಿಡುವನು. ಇದೆಲ್ಲಕ್ಕಿಂತ ಮುಖ್ಯವಾದುದೆಂದರೆ, ಬತ್ತಿಯ ಬೆಳಕು ಒಳಕ್ಕೆ ಮಾತ್ರ ಹರಿದು ನೋಡುವವನ ಕಣ್ಣಿಗೆ ತಾಗದಂತೆ ಮಾಡಿದ ವ್ಯವಸ್ಥೆ. ಕತ್ತಲೆಯ ಮನೆಯಲ್ಲಿ ಕೈದೀಪವನ್ನು ಮುಖದ ಮುಂದೆ ಹಿಡಿದು ನಡೆದವರಿಗೆ ಈ ತೊಡಕು ಗೊತ್ತು. ದೀಪದ ಆಚೆಗೆ ಏನೂ ಕಾಣುವುದಿಲ್ಲ. ನಮ್ಮ ಹಳ್ಳಿಯ ಹೆಂಗಸರು ದೀಪಕ್ಕೆ ಅಂಗೈಯನ್ನು ಮರೆಮಾಡಿ ನಡೆಯುವುದು ಗಾಳಿಗೋಸ್ಕರ ಮಾತ್ರವಲ್ಲ. ಒಳಕ್ಕೆ ಹೋಗುವ ಬೆಳಕಿಗೂ ಹೊರಕ್ಕೆ ಬರುವ ಬಿಂಬಕ್ಕೂ ಬೇರೆ ದಾರಿಗಳಿರಬೇಕೆಂಬ ತತ್ತ್ವವನ್ನು ಬೊಟ್ಸೀನಿ ಚೆನ್ನಾಗಿ ಗ್ರಹಿಸಿದ್ದನು. ಮುಂದಿನ ನೂರೈವತ್ತು ವರ್ಷಗಳ ಯಂತ್ರಗಳೆಲ್ಲವೂ ಈ ತತ್ತ್ವಕ್ಕೆ ಋಣಿಗಳು.

ಆರ್ಚ್‌ಡ್ಯೂಕನ ಪರಿಚಯಬಲದಿಂದ ಯಂತ್ರವು ವಿಯೆನ್ನಾಕ್ಕೆ ಹೋಯಿತು. ಅಲ್ಲಿ ಸೈನ್ಯದ ಶಸ್ತ್ರವೈದ್ಯರನ್ನು ತಯಾರಿಸುವ ಜೋಸೆಫ್ ಅಕಾಡೆಮಿಯವರು ೧೮೦೬ರ ಡಿಸೆಂಬರಿನಲ್ಲಿ ಶವಗಳ ಮೇಲೆ ಪ್ರಯೋಗಿಸಿ ನೋಡಿ ಅನುಕೂಲವಾದ ಅಭಿಪ್ರಾಯವನ್ನೇ ಕೊಟ್ಟರು. ಆ ಬಳಿಕ ಅದು ವಿಯೆನ್ನಾ ವಿಶ್ವವಿದ್ಯಾನಿಲಯದ ವೈದ್ಯಮಂಡಲಿಯ ಮುಂದೆ ಬಂದಿತು. ಒಮ್ಮೆಗೆ ಕಾಣಬರುವ ಪ್ರದೇಶವು ತೀರ ಅಲ್ಪವೆಂದೂ, ಇದು ತೋರಿಸುವ ಭಾಗಗಳನ್ನು ಬೇರೆ ಉಪಾಯಗಳಿಂದಲೇ ನೋಡಬಹುದೆಂದೂ, ರೋಗಿಗೆ ನೋವಾಗುವುದೆಂದೂ ಮಂಡಲಿಯು ಪ್ರತಿಕೂಲವಾಗಿ ತೀರ್ಮಾನಿಸಿತು. ಯಂತ್ರವು ಮೂಲೆಗೆ ಸೇರಿತು.

ಈ ತೀರ್ಮಾನವನ್ನು ಕುರಿತು ಪಾಶ್ಚಾತ್ಯ ಗ್ರಂಥಗಳಲ್ಲಿ ಒಂದು ಕಥೆ ಬೆಳೆದಿದೆ. ಮನುಷ್ಯದೇಹದೊಳಕ್ಕೆ ಇಂದ್ರಜಾಲದ ಲಾಂದ್ರವನ್ನು ಹೊಗಿಸಹೋದುದಕ್ಕಾಗಿ, ಅತಿಯಾದ ಕುತೂಹಲವನ್ನು ತೋರಿದುದಕ್ಕಾಗಿ, ಮೂಢರಾದ ಪಂಡಿತರು ಬೊಟ್ಸೀನಿಯನ್ನು ಛೀಮಾರಿ ಮಾಡಿದರೆಂದು ಅದರ ಸಾರ. ಕಥೆಯೇನೋ ರಮ್ಯವಾಗಿದೆ. ಆದರೆ ನಡೆದುದು ಇದಕ್ಕಿಂತ ಸಾಮಾನ್ಯವಾದುದು, ಆ ಕಾರಣದಿಂದಲೇ ಹೆಚ್ಚು ಖೇದಕರವಾದುದು. ಅಕಾಡೆಮಿಗೂ ವಿಶ್ವವಿದ್ಯಾನಿಲಯಕ್ಕೂ, ಎಂದರೆ ಸೈನ್ಯದ ಶಸ್ತ್ರವೈದ್ಯರಿಗೂ ನಗರದ ಪಂಡಿತವೈದ್ಯರಿಗೂ, ಬಹುಕಾಲದ ಸ್ಪರ್ಧೆಯಿತ್ತು. ಒಂದು ಪಕ್ಷವು ಮೆಚ್ಚಿದುದನ್ನು ಇನ್ನೊಂದು ಪಕ್ಷವು ಮೆಚ್ಚುವುದು ಕಷ್ಟವಾಗಿತ್ತು. ಇಷ್ಟಾದರೂ ಮಂಡಲಿಯ ಆಕ್ಷೇಪಣೆಗಳಲ್ಲಿ ಒಂದನ್ನೂ ಸುಳ್ಳೆನ್ನಲಾಗದು. ಒಂದು ಮೇಣದ ಬತ್ತಿಯ ಬೆಳಕು ಸಣ್ಣ ಕೊಳವೆಯ ತುದಿಯಲ್ಲಿ ಎಷ್ಟನ್ನು ತೋರಿಸೀತು? ಅವರು ಕಂಡುದೆಲ್ಲ ನಿಜವೇ. ಕಾಣದೆ ಹೋದುದು ಅದು ಮುಂದೆ ಏನಾಗಬಹುದೆಂಬುದು. ನ್ಯಾಯವಾದ ಆಕ್ಷೇಪಣೆಗಳಿಂದ ಅನ್ಯಾಯವಾದ ತೀರ್ಮಾನಕ್ಕೆ ಬರಬಹುದೆಂಬುದು ವಿದ್ವತ್ಸಭೆಗಳ ನಡವಳಿಯನ್ನು ಬಲ್ಲವರಿಗೆ ಹೊಸದಲ್ಲ.

ಬೊಟ್ಸೀನಿಗೆ ಎರಡನೆಯ ಅವಕಾಶವು ದೊರೆಯಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ ವಿಷಮಜ್ವರದ ಉಪದ್ರವವುಂಟಾದಾಗ ರೋಗಿಗಳ ಸೇವೆಯಲ್ಲಿ ತಾನೂ ಜ್ವರಕ್ಕೆ ಸಿಕ್ಕಿ ೧೮೦೯ರ ಏಪ್ರಿಲಿನಲ್ಲಿ ಕಾಲವಾದನು. ಆಗ ಆತನಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ವಿಯೆನ್ನಾದಲ್ಲಿ ಉಳಿದ ಯಂತ್ರವು ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಂದ ಕಾಣೆಯಾಗಿ, ಅಮೆರಿಕದ ಚಿಕಾಗೋ ನಗರದ ಶಸ್ತ್ರವೈದ್ಯರ ಸಂಸ್ಥೆಯಲ್ಲಿ ದಶಕಗಳ ಕಾಲವಿದ್ದು, ಈ ಶತಮಾನದ ಆದಿಯಲ್ಲಿ ತನ್ನ ಹಿಂದಿನ ಸ್ಥಾನಕ್ಕೆ ಮರಳಿದೆ.

ಬೊಟ್ಸೀನಿಯ ಮರಣಾನಂತರ ನಲವತ್ತೈದು ವರ್ಷಗಳಿಗೆ, ವೈದ್ಯನೇ ಅಲ್ಲದ ಒಬ್ಬನಿಂದ ಈ ವಿದ್ಯೆಗೆ ದೊಡ್ಡ ಉಪಕಾರವಾಯಿತು. ಮ್ಯಾನುಯೆಲ್ ಗಾರ್ಸಿಯಾ ೧೮೦೫ರಲ್ಲಿ ಸ್ಪೆಯಿನ್ ದೇಶದಲ್ಲಿ ಹುಟ್ಟಿದ ಸಂಗೀತಾಚಾರ್ಯ. ಸ್ವೀಡನ್ನಿನ ಜೆನ್ನಿ ಲಿಂಡ್ ಎಂಬ ಜಗತ್ಪ್ರಸಿದ್ಧ ಗಾಯಕಿಯ ಗುರು. ಹಾಡುವಾಗ ಗಂಟಲೊಳಗೆ ಏನು ನಡೆಯುತ್ತದೆಯೆಂದು ಕಾಣಬೇಕೆಂಬ ಹಂಬಲ ಆತನನ್ನು ಬಹುವರ್ಷ ಕಾಡಿತ್ತು. ೧೮೫೪ರಲ್ಲಿ ಪ್ಯಾರಿಸ್ ನಗರದ ಪಾಲೇ ರಾಯಲ್ ತೋಟದಲ್ಲಿ ಅಡ್ಡಾಡುತ್ತಿದ್ದಾಗ, ಎರಡು ಕನ್ನಡಿಗಳನ್ನು ಯಾವ ರೀತಿಯಲ್ಲಿಟ್ಟರೆ ಕಂಠವು ಕಾಣುವುದೆಂಬುದು ಆತನಿಗೆ ಥಟ್ಟನೆ ಹೊಳೆಯಿತು. ಕೂಡಲೆ ಶಾರಿಯೇರ್ ಎಂಬ ವೈದ್ಯೋಪಕರಣಗಳ ವರ್ತಕನ ಅಂಗಡಿಗೆ ಹೋಗಿ, ಉದ್ದ ಹಿಡಿಯುಳ್ಳ ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ಆರು ಫ್ರಾಂಕುಗಳಿಗೆ ಕೊಂಡನು. ಮನೆಗೆ ಬಂದು, ಉಸಿರಿನಿಂದ ಮಂಜು ಕವಿಯದಂತೆ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ, ಕಿರುನಾಲಗೆಗೆ ತಾಗಿಸಿ ಹಿಡಿದು, ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ತಿರುಗಿಸಿದನು. ತನ್ನ ಕಂಠದ ಬಾಯಿ ತನ್ನೆದುರಿಗೇ ತೆರೆದು ಮುಚ್ಚುತ್ತಿರುವುದನ್ನು ಕಂಡನು. ೧೮೫೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮನುಷ್ಯಧ್ವನಿಯನ್ನು ಕುರಿತ ಆತನ ಲೇಖನವು ಓದಲ್ಪಟ್ಟಿತು.

ಇಲ್ಲಿ ವ್ಯಾಕರಣಾಭ್ಯಾಸಿಗಳು ಸ್ವಲ್ಪ ನಿಲ್ಲುವುದುಂಟು. ಕಂಠವು ಮುಚ್ಚಿದಾಗ ನಾದವೂ ತೆರೆದಾಗ ಶ್ವಾಸವೂ ಹುಟ್ಟುವುವೆಂದು ತೈತ್ತಿರೀಯ ಪ್ರಾತಿಶಾಖ್ಯವು ಹೇಳುತ್ತದೆ. ಘೋಷ, ಅಘೋಷಗಳ ವಿಭಾಗವು ಇದರಿಂದಲೇ ಸಿದ್ಧವಾಗುವುದು. ಯಾವ ಕನ್ನಡಿಯೂ ಇಲ್ಲದೆ, ತಮ್ಮ ಉಚ್ಚಾರಣೆಯನ್ನು ತಾವೇ ಗಮನಿಸಿ ಪ್ರಾಚೀನರು ಕಂಡುಕೊಂಡ ಈ ಸಂಗತಿಯನ್ನು ಗಾರ್ಸಿಯಾ ಕಣ್ಣಿನಿಂದ ಕಂಡನೆನ್ನಬಹುದು. ನಮ್ಮ ಕೇಶಿರಾಜನು ಶಬ್ದವು ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುವುದೆಂದಿದ್ದಾನೆ. ಅದು ಬೇರೆ ಸಂಪ್ರದಾಯ, ಇದಕ್ಕೆ ಸೇರಿದುದಲ್ಲ. ನಾಡೀಯಂತ್ರದ ವಿಷಯದಲ್ಲಿ ನಮ್ಮವರಿಗೆ ಇಲ್ಲದ ಕೀರ್ತಿಯನ್ನು ಬಯಸುವವರು, ನಿಜವಾಗಿ ಇರುವ ಈ ಕೀರ್ತಿಯನ್ನು ಹೇಳದೆ ಬಿಡುವುದು ಆಶ್ಚರ್ಯ.

ಗಾರ್ಸಿಯಾ ತನ್ನ ಕನ್ನಡಿಯನ್ನು ರೋಗಪರೀಕ್ಷೆಗೆ ಬಳಸಲಿಲ್ಲ. ೧೮೫೭ರ ಬೇಸಗೆಯಲ್ಲಿ ವಿಯೆನ್ನಾದ ಲೂಡ್ವಿಗ್ ಟ್ಯೂರ್ಕ್ ಎಂಬ ವೈದ್ಯನು ಅಂಥ ಕನ್ನಡಿಗಳಿಂದ ರೋಗಿಗಳ ಗಂಟಲನ್ನು ನೋಡತೊಡಗಿದನು. ಆತನ ದೀಪವೂ ಸೂರ್ಯನೇ. ಚಳಿಗಾಲವು ಬಂದು ಬಿಸಿಲು ಕುಂದಲು ಕನ್ನಡಿಗಳನ್ನು ಎತ್ತಿಟ್ಟನು. ಸುಶ್ರುತನು ಮೋಡವಿಲ್ಲದ ದಿನವನ್ನು ಕಾದಂತೆ ಟ್ಯೂರ್ಕನೂ ಮುಂದಿನ ಬೇಸಗೆಯನ್ನು ಕಾಯುವವನಿದ್ದನು. ಅಷ್ಟರಲ್ಲಿ ಪೆಸ್ಟ್ ನಗರದ ಶರೀರಶಾಸ್ತ್ರದ ಅಧ್ಯಾಪಕನಾದ ಚೆರ್ಮಾಕನು ಆ ಕನ್ನಡಿಗಳನ್ನೇ ಕಡ ತೆಗೆದುಕೊಂಡು, ದೀಪದ ಬೆಳಕನ್ನು ನಿಮ್ನದರ್ಪಣದಿಂದ ಗಂಟಲಿಗೆ ತಿರುಗಿಸುವ ಪದ್ಧತಿಯನ್ನು ತಂದು ೧೮೫೮ರಲ್ಲಿ ಪ್ರಕಟಿಸಿಬಿಟ್ಟನು. ಮೊದಲಿಗನು ಯಾರೆಂಬ ವಿಷಯದಲ್ಲಿ ಇಬ್ಬರಿಗೂ ನಡೆದ ಕಲಹವು ಬಹುದಿನ ಮುಗಿಯಲಿಲ್ಲ. ಗಾರ್ಸಿಯಾ ಅದರಲ್ಲಿ ಸೇರದೆ ತನ್ನ ಪಾಠವನ್ನು ಹೇಳಿಕೊಂಡು ನೂರೊಂದು ವರ್ಷ ಬದುಕಿ ೧೯೦೬ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು.

ಎಂಡೋಸ್ಕೋಪ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದವನು ಪ್ಯಾರಿಸ್ಸಿನ ಶಸ್ತ್ರವೈದ್ಯನಾದ ದೆಸೊರ್ಮೊ. ೧೮೫೩ರಲ್ಲಿ ಆತನು ತೋರಿಸಿದ ಯಂತ್ರದಲ್ಲಿ ಮೇಣದ ಬತ್ತಿಗೆ ಬದಲಾಗಿ ಮದ್ಯಸಾರವನ್ನೂ ಟರ್ಪೆಂಟೈನ್ ತೈಲವನ್ನೂ ಬೆರೆಸಿ ಉರಿಸುವ ದೀಪವಿತ್ತು. ನಡುವೆ ತೂತುಳ್ಳ ಕನ್ನಡಿಯ ಮೂಲಕ ವೈದ್ಯನು ನೋಡಬೇಕು. ಮೂತ್ರನಾಳ, ಮೂತ್ರಕೋಶಗಳ ರೋಗಗಳಲ್ಲಿ ಆತನು ಇದನ್ನು ವರ್ಷಗಟ್ಟಲೆ ಬಳಸಿ ೧೮೬೫ರಲ್ಲಿ ಗ್ರಂಥವನ್ನೇ ಬರೆದನು. ದೀಪವು ಪ್ರಬಲವಾದಂತೆ ಅದರ ಬಿಸಿಯೂ ಪ್ರಬಲವಾಯಿತು. ವೈದ್ಯನ ಮುಖವೂ ರೋಗಿಯ ತೊಡೆಯೂ ಸುಡುವ ಭಯ ತಪ್ಪಲಿಲ್ಲ.

ಜಠರವನ್ನು ನೋಡುವ ಸಾಹಸವು ೧೮೬೮ರಲ್ಲಿ ಫ್ರೈಬುರ್ಗ್ ನಗರದ ಕುಸ್ಮೌಲನಿಂದ ನಡೆಯಿತು. ಬಾಯಿಂದ ಜಠರದವರೆಗೆ ನೆಟ್ಟಗಿನ ಕೊಳವೆ ಇಳಿಯಬಲ್ಲುದೆಂದು ಆತನಿಗೆ ತೋರಿಸಿಕೊಟ್ಟವನು ಕತ್ತಿ ನುಂಗುವ ಒಬ್ಬ ದೊಂಬರಾಟದವನು. ಅಂಥವರನ್ನು ನಮ್ಮ ಜಾತ್ರೆಗಳಲ್ಲಿ ಕಂಡವರು ಅನೇಕರು. ಕಂಡು ಕಾಸು ಎಸೆದು ಮುಂದೆ ಹೋದವರೇ ಎಲ್ಲರೂ. ಕುಸ್ಮೌಲನು ಆ ಮನುಷ್ಯನಿಗೆ ೪೭ ಸೆಂಟಿಮೀಟರ್ ಉದ್ದ, ೧೩ ಮಿಲಿಮೀಟರ್ ದಪ್ಪದ ಲೋಹದ ಕೊಳವೆಯನ್ನು ನುಂಗಿಸಿದನು. ಕೊಳವೆ ಸುಖವಾಗಿ ಇಳಿಯಿತು. ಆದರೆ ದೆಸೊರ್ಮೊನ ದೀಪದ ಬೆಳಕು ಅಷ್ಟು ಆಳಕ್ಕೆ ಸಾಲಲಿಲ್ಲ. ದಾರಿಯಿದ್ದೂ ದೀಪವಿಲ್ಲದೆ ಹಿಂದಿರುಗಬೇಕಾದ ಈ ಸೋಲಿಗಿಂತ ನಮ್ಮ ವಾದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಕೋಣೆಯನ್ನು ಬೆಳಗಬೇಕಾದರೆ ಕಿಟಕಿಯಾಚೆ ನಿಂತು ದೀಪವನ್ನು ತೋರಿಸುವುದಕ್ಕಿಂತ ದೀಪವನ್ನೇ ಒಳಕ್ಕೆ ಕೊಂಡೊಯ್ಯುವುದು ಮೇಲು. ಈ ಸಾಮಾನ್ಯ ವಿವೇಕವನ್ನು ಕಾರ್ಯಕ್ಕೆ ತಂದವನು ಜರ್ಮನಿಯ ಮ್ಯಾಕ್ಸಿಮಿಲಿಯನ್ ನಿಟ್ಸೆ. ಈತನು ವಿದ್ಯುತ್ಪ್ರವಾಹದಿಂದ ಕಾದು ಬೆಳಗುವ ಪ್ಲಾಟಿನಮ್ ತಂತಿಯನ್ನು ಯಂತ್ರದ ತುದಿಯಲ್ಲೇ ಇರಿಸಿ, ಸುಡದಂತೆ ಅದರ ಸುತ್ತಲೂ ತಣ್ಣೀರು ಹರಿಯುತ್ತಿರುವಂತೆ ಏರ್ಪಡಿಸಿದನು. ಕೊಳವೆಯೊಳಗೆ ಮಸೂರಗಳ ಸಾಲನ್ನಿಟ್ಟು ಕಾಣುವ ಪ್ರದೇಶವನ್ನು ಹಿಗ್ಗಿಸಿದನು. ವಿಯೆನ್ನಾದ ಪಂಡಿತರು ಬೊಟ್ಸೀನಿಗೆ ಹೇಳಿದ ಮೊದಲ ಆಕ್ಷೇಪಣೆಗೆ ಉತ್ತರವು ಹೀಗೆ ದೊರೆಯಿತು. ೧೮೭೭ರ ಅಕ್ಟೋಬರಿನಲ್ಲಿ ಡ್ರೆಸ್ಡೆನ್ನಿನಲ್ಲಿ ಶವದ ಮೇಲೆ ತೋರಿಸಿ, ವಿಯೆನ್ನಾದ ಲೈಟರ್ ಎಂಬ ಕುಶಲನಾದ ಯಂತ್ರನಿರ್ಮಾಪಕನ ನೆರವಿನಿಂದ ತಿದ್ದಿ, ೧೮೭೯ರ ಮೇ ತಿಂಗಳಿನಲ್ಲಿ ವಿಯೆನ್ನಾದ ವೈದ್ಯಸಂಘದ ಮುಂದೆಯೇ ತನ್ನ ಮೂತ್ರಕೋಶದರ್ಶಕವನ್ನು ನಿಟ್ಸೆ ಪ್ರದರ್ಶಿಸಿದನು. ಯಾವ ನಗರದಲ್ಲಿ ಮೊದಲ ಯಂತ್ರವು ಮೂಲೆಗೆ ಬಿದ್ದಿತೋ ಆ ನಗರದಲ್ಲಿಯೇ! ಯಂತ್ರದ ಕೀರ್ತಿಯು ವೈದ್ಯನದೋ ಕುಶಲಿಯದೋ ಎಂದು ಆಮೇಲೆ ಅವರಿಬ್ಬರಲ್ಲಿಯೂ ಜಗಳ ಹುಟ್ಟಿತು. ಅದೇ ವರ್ಷ ಎಡಿಸನ್ನನ ವಿದ್ಯುದ್ದೀಪವು ಹುಟ್ಟಿತು. ಹತ್ತು ವರ್ಷ ತುಂಬುವುದರೊಳಗಾಗಿ ಅದರ ಪುಟ್ಟ ರೂಪವು ಪ್ಲಾಟಿನಮ್ ತಂತಿಯ ಸ್ಥಾನವನ್ನು ಹಿಡಿದುದರಿಂದ ತಣ್ಣೀರಿನ ಗೊಡವೆಯೂ ತಪ್ಪಿತು.

ದೀಪದ ತೊಡಕು ತೀರಿದೊಡನೆ ಯಂತ್ರವು ಬೇಗಬೇಗನೆ ಹಬ್ಬಿತು. ೧೮೮೧ರಲ್ಲಿ ವಿಯೆನ್ನಾದಲ್ಲಿ ಮಿಕುಲಿಚ್ ಎಂಬಾತನು ಲೈಟರನ ಕೈಯಿಂದಲೇ ಜಠರದರ್ಶಕವನ್ನು ಮಾಡಿಸಿದನು. ೧೯೦೧ರಲ್ಲಿ ಕೆಲಿಂಗ್ ನಾಯಿಯ ಉದರಕುಹರವನ್ನೂ, ೧೯೧೦ರಲ್ಲಿ ಸ್ಟಾಕ್‌ಹೋಮಿನ ಯಾಕೊಬೇಯಸ್ ಮನುಷ್ಯನದನ್ನೂ ಇಂಥ ಕೊಳವೆಯಿಂದ ನೋಡಿದರು. ಇನ್ನುಳಿದುದು ಕೊಳವೆಯ ಬಿಗುವು. ಮ್ಯೂನಿಕ್ಕಿನ ರುಡಾಲ್ಫ್ ಷಿಂಡ್ಲರನು ೧೯೩೨ರಲ್ಲಿ ಅನೇಕ ಮಸೂರಗಳನ್ನು ಒತ್ತಾಗಿ ಜೋಡಿಸಿ, ತುದಿಯ ಭಾಗವು ತಕ್ಕಮಟ್ಟಿಗೆ ಬಾಗುವ ಜಠರದರ್ಶಕವನ್ನು ಮಾಡಿಸಿದನು. ಯೆಹೂದ್ಯಮೂಲದವನಾದ ಆತನನ್ನು ನಾಜಿ ಸರಕಾರದವರು ಸೆರೆಯಲ್ಲಿಟ್ಟರು. ಬಿಡುಗಡೆ ಹೊಂದಿ ೧೯೩೪ರಲ್ಲಿ ಚಿಕಾಗೋ ಸೇರಿದನು. ಜರ್ಮನಿಯು ಓಡಿಸಿದ ವಿದ್ಯೆಯು ಅಮೆರಿಕದಲ್ಲಿ ಬೇರೂರಿತು.

ಅದೇ ಮ್ಯೂನಿಕ್ಕಿನಲ್ಲಿ ೧೯೩೦ರಲ್ಲಿ ಹೈನ್ರಿಕ್ ಲಾಮ್ ಎಂಬ ವೈದ್ಯವಿದ್ಯಾರ್ಥಿಯು ಕೂದಲೆಳೆಯಂಥ ಗಾಜಿನ ಎಳೆಗಳನ್ನು ಕಟ್ಟಾಗಿ ಕಟ್ಟಿ, ಬಾಗಿದ ಆ ಕಟ್ಟಿನ ಮೂಲಕ ದೀಪದ ತಂತಿಯ ಬಿಂಬವನ್ನು ಸಾಗಿಸಿ ತೋರಿಸಿದ್ದನು. ಗಾಜಿನ ಎಳೆಯೊಳಗೆ ಹೊಕ್ಕ ಬೆಳಕು ಅದರ ಗೋಡೆಗಳಿಗೆ ತಾಗಿ ತಾಗಿ ಪ್ರತಿಫಲಿಸುತ್ತ, ಎಳೆ ಬಾಗಿದೆಡೆಯಲ್ಲಿ ತಾನೂ ಬಾಗಿದಂತೆ, ಇನ್ನೊಂದು ತುದಿಯಲ್ಲಿ ಹೊರಬೀಳುವುದು. ಲಾಮನ ಬಿಂಬವು ಮಸುಕಾಗಿತ್ತು. ಯಾರೂ ಲಕ್ಷ್ಯ ಮಾಡಲಿಲ್ಲ. ೧೯೫೪ರ ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಲಂಡನ್ನಿನ ಹಾಪ್ಕಿನ್ಸನೂ, ಪಂಜಾಬಿನ ಮೋಗಾದಲ್ಲಿ ಹುಟ್ಟಿ ಆತನಲ್ಲಿ ಸಂಶೋಧನೆ ನಡೆಸುತ್ತಿದ್ದ ನರಿಂದರ್ ಸಿಂಗ್ ಕಪಾನಿಯೂ ಇದೇ ತತ್ತ್ವದ ಮೇಲೆ ಬರೆದ ಲೇಖನವು ಬಂದಿತು. ಅದನ್ನೋದಿದ ಹಿರ್ಷೊವಿಟ್ಸ್ ಎಂಬ ವೈದ್ಯನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಕೆಲಸವನ್ನು ಹಿಡಿದನು. ಎಳೆಯಿಂದೆಳೆಗೆ ಬೆಳಕು ಸೋರಿ ಹೋಗುತ್ತಿದ್ದುದೇ ದೊಡ್ಡ ಅಡಚಣೆ. ಅಲ್ಲಿನ ಕರ್ಟಿಸ್ ಎಂಬ ವಿದ್ಯಾರ್ಥಿಯು ೧೯೫೬ರ ಡಿಸೆಂಬರಿನಲ್ಲಿ ಪ್ರತಿ ಎಳೆಗೂ ಬೇರೆ ಜಾತಿಯ ಗಾಜಿನ ಕವಚವನ್ನು ತೊಡಿಸಿ ಆ ಸೋರಿಕೆಯನ್ನು ನಿಲ್ಲಿಸಿದನು. ಎರಡು ಸಲವೂ ಮುಖ್ಯವಾದ ಹೆಜ್ಜೆಯನ್ನಿಟ್ಟವರು ವಿದ್ಯಾರ್ಥಿಗಳೆಂಬುದನ್ನು ಅಧ್ಯಾಪಕರಾದ ವಾಚಕರು ಗಮನಿಸಬಹುದು. ೧೯೫೭ರ ಫೆಬ್ರವರಿಯಲ್ಲಿ ಹಿರ್ಷೊವಿಟ್ಸನು ಆ ಯಂತ್ರವನ್ನು ಮೊದಲು ತಾನೇ ನುಂಗಿ, ಕೆಲವು ದಿನಗಳ ಬಳಿಕ ರೋಗಿಗೆ ಪ್ರಯೋಗಿಸಿದನು.

ಗಾಜಿನ ಎಳೆಯ ಬಳಕೆಯಿಂದ ಇನ್ನೊಂದು ಸಂಗತಿಯು ಘಟಿಸಿತು. ಬಿಂಬವು ಹೊರಕ್ಕೆ ಬರಬಲ್ಲ ದಾರಿಯಲ್ಲಿ ಬೆಳಕೂ ಒಳಕ್ಕೆ ಹೋಗಬಲ್ಲದು. ಆದುದರಿಂದ ನಿಟ್ಸೆಯು ಒಳಕ್ಕೆ ಕೊಂಡೊಯ್ದ ದೀಪವು ೧೯೬೦ರ ಸುಮಾರಿಗೆ ಮತ್ತೆ ಹೊರಕ್ಕೆ ಬಂದಿತು. ಹೊರಗಡೆ ಎಷ್ಟು ಪ್ರಖರವಾದ ದೀಪವನ್ನಾದರೂ ಉರಿಸಿ, ಬಿಸಿಯನ್ನು ಹೊರಗೇ ಬಿಟ್ಟು, ಬೆಳಕನ್ನು ಮಾತ್ರ ಎಳೆಗಳ ಮೂಲಕ ಒಳಕ್ಕೆ ಹರಿಸುವುದು ರೂಢಿಯಾಯಿತು. ಇದು ಬೊಟ್ಸೀನಿಯ ಪದ್ಧತಿಯೇ. ಜರ್ಮನ್ ಭಾಷೆಯಲ್ಲಿ ಇಂಥ ಎಳೆಗಳಿಗೆ ಇಂದು ನಡೆಯುವ ಹೆಸರುಗಳಲ್ಲಿ ಲಿಖ್ಟ್‌ಲೈಟರ್ ಎಂಬುದೂ ಒಂದು. ಆ ಬಳಿಕ ೧೯೮೩ರಲ್ಲಿ ಯಂತ್ರದ ತುದಿಯಲ್ಲಿ ಬೆಳಕನ್ನು ವಿದ್ಯುತ್ಸಂಕೇತವಾಗಿ ಮಾರ್ಪಡಿಸುವ ಚಿಪ್ಪು ಬಂದು, ವೈದ್ಯನು ಕಿಂಡಿಗೆ ಕಣ್ಣಿಡುವುದನ್ನು ಬಿಟ್ಟು ಪರದೆಯನ್ನು ನೋಡತೊಡಗಿದನು. ೨೦೦೦ದಲ್ಲಿ ಇಸ್ರೇಲಿನ ಗವ್ರಿಯೆಲ್ ಇಡ್ಡಾನ್ ಮತ್ತು ಆತನ ಸಂಗಡಿಗರು ೧೧ ಮಿಲಿಮೀಟರ್ ದಪ್ಪದ ನುಂಗುವ ಗುಳಿಗೆಯೊಂದನ್ನು ಪ್ರಕಟಿಸಿದರು. ಅದರೊಳಗೆ ಕ್ಯಾಮರಾ ಇದೆ, ಬ್ಯಾಟರಿಯಿದೆ, ಕೊಳವೆಯಿಲ್ಲ. ಸಣ್ಣಕರುಳಿನ ಉದ್ದಕ್ಕೂ ತನ್ನ ದೀಪಗಳನ್ನು ತಾನೇ ಹೊತ್ತಿಸಿಕೊಂಡು ಅದು ಸಾಗುತ್ತದೆ.